ಹದಿನಾಲ್ಕನೆಯ ಖೋಲಿಯ ಒಲೆ

ಒಲೆ ನಿಜವಾಗಿ ಉರಿಯುವಂಥದೋ ಬರೀ ತೋರಿಕೆಗೆ ಇಟ್ಟದ್ದೋ ಎಂದು ಕೈಯಿಟ್ಟು ನೋಡಿ ಬರೆದುಕೊಳ್ಳುವ ಕೆಲಸವೊಂದಿತ್ತು ಎಂದರೆ ನೀವು ನಗುತ್ತೀರಿ. ಆ ಕೆಲಸವನ್ನು ನಾನು ಬೈಕುಲ್ಲಾದ ಒಂದು ಚಾಳಿನಲ್ಲಿ ಆರು ತಿಂಗಳು ಮಾಡಿದೆ. ಇಷ್ಟು ವರ್ಷ ಅದನ್ನು ಯಾರಿಗೂ ಸರಿಯಾಗಿ ಹೇಳಿಲ್ಲ. ನಾಲ್ಕು ಜನರ ಮುಂದೆ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಕೂತು ಬರೆಯಲು ಬರುತ್ತದೆ. ಓದಲು ತಡವರಿಸಿದರೆ ನಿಮ್ಮ ಅಮ್ಮನಿಂದ ಓದಿಸಿಕೊಳ್ಳಿ. ಅವಳಿಗೂ ಇದು ಪೂರ್ತಿ ಗೊತ್ತಿಲ್ಲ. ಆಗ ಅವಳಿಗೆ ಆರು ವರ್ಷ.

ನಿಮ್ಮ ಅಜ್ಜ ತೀರಿಕೊಂಡು ಮೂರು ವರ್ಷವಾಗಿತ್ತು. ನಾನು ಮಗಳನ್ನು ಕಟ್ಟಿಕೊಂಡು ವಿಲೆ ಪಾರ್ಲೆಯಲ್ಲಿ ಅಣ್ಣನ ಮನೆಯಲ್ಲಿದ್ದೆ. ಒಂದು ರವಿವಾರ ಅಣ್ಣನ ಪರಿಚಯದ ಓವರ್ಸಿಯರ್ ಒಬ್ಬರು ಚಹಾಕ್ಕೆ ಬಂದಿದ್ದರು. ಬೆಳಗಾವಿ ಕಡೆಯವರು, ಸರಕಾರಿ ಚಾಳುಗಳ ಕೆಲಸ ನೋಡುತ್ತಿದ್ದರು.

‘ಓದಾಕ ಬರಿಯಾಕ ಬರೋ ಹೆಣ್ಣಮಕ್ಕಳು ಯಾರರೆ ಅದಾರೇನ್ರಿ?’ ಎಂದು ಅಣ್ಣನನ್ನು ಕೇಳಿದರು. ‘ಹಗಲಿಗೆ ಗಂಡಸರು ಗಿರಣಿಯೊಳಗ ಇರ್ತಾರ. ನಮ್ಮ ಮಂದಿ ಬಾಗಲಾ ಬಡದ್ರ ಹೆಂಗಸರು ಒಳಗ ಬಿಡೂದಿಲ್ಲ. ಒಲಿ ನೋಡೂದು ಹೆಂಗ?’

ಒಳಗಿನಿಂದ ನಮ್ಮ ವೈನಿ, ‘ನಮ್ಮ ನಾದಿನಿ ಮುಲ್ಕಿ ಪಾಸಾಗ್ಯಾಳಲ್ಲ’ ಅಂದರು. ಊರ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯ ಆ ಪರೀಕ್ಷೆ ಪಾಸಾದ ಹುಡುಗಿ ಆ ವರ್ಷ ನಾನೊಬ್ಬಳೇ. ನಾನು ಬಾಗಿಲ ಹಿಂದೆ ನಿಂತಿದ್ದೆ. ಬೇಡ ಎನ್ನಬೇಕೆಂದಿದ್ದೆ, ಅದನ್ನು ಹೇಳಲಿಕ್ಕೂ ಹೊರಗೆ ಬರಬೇಕಲ್ಲ, ಬರಲಿಲ್ಲ. ಮುಂದಿನ ಸೋಮವಾರ ಪಾರ್ಲೆಯಲ್ಲಿ ಲೋಕಲ್ ಹತ್ತಿ, ದಾದರಿನಲ್ಲಿ ಸೇತುವೆ ದಾಟಿ ಗಾಡಿ ಬದಲಿಸಿ, ಬೈಕುಲ್ಲಾದಲ್ಲಿ ಇಳಿದೆ.

ಪ್ಲೇಗು ಬಂದುಹೋದ ಮೇಲೆ ಬಡ ಕೆಲಸಗಾರರಿಗೆಂದು ಸರಕಾರದವರೇ ಕಟ್ಟಿಸಿದ ಚಾಳು ಅದು. ಕಟ್ಟಿದಾಗ ಬಹಳ ಸುಧಾರಿಸಿದ ಮನೆ ಎನ್ನಿಸಿಕೊಂಡಿತ್ತಂತೆ. ನಾನು ನೋಡುವಾಗ ಮುಂದಿನ ಗ್ಯಾಲರಿಗೆ ಮರದ ಬೊಡ್ಡೆಗಳ ಆಸರೆ ಕೊಟ್ಟಿದ್ದರು. ನಾಲ್ಕು ಅಂತಸ್ತು, ಒಂದೊಂದರಲ್ಲಿ ಒಂದೇ ಕೋಣೆಯ ಇಪ್ಪತ್ತು ಖೋಲಿ, ಅಂತಸ್ತಿಗೆ ಎರಡು ನಳ, ಕೊನೆಯಲ್ಲಿ ಸಂಡಾಸು. ಹತ್ತು ಹೆಜ್ಜೆ ಉದ್ದದ ಒಂದು ಖೋಲಿಯಲ್ಲಿ ಹದಿಮೂರು ಜನರಿದ್ದದ್ದನ್ನು ನಾನೇ ಬರೆದುಕೊಂಡಿದ್ದೇನೆ. ಅದನ್ನು ಕೆಡವಿ ಅದೇ ಜಾಗದಲ್ಲಿ ಸಿಮೆಂಟಿನ ಬಿಲ್ಡಿಂಗ್ ಕಟ್ಟುವುದು, ಪ್ರತಿ ಮನೆಗೆ ಒಂದು ಖೋಲಿ, ಒಂದು ಅಡಿಗೆಮನೆ, ಒಳಗೇ ನಳ, ಒಳಗೇ ಸಂಡಾಸು ಕೊಡುವುದು ಎಂದು ನಿಶ್ಚಯವಾಗಿತ್ತು. ಅಲ್ಲಿಯವರೆಗೆ ಜನ ಹತ್ತಿರದ ತಗಡಿನ ಶೆಡ್ಡುಗಳಲ್ಲಿ ಇರಬೇಕು.

ತೊಡಕು ಒಂದೇ. ಯಾರನ್ನು ‘ಒಂದು ಮನೆ’ ಎನ್ನುವುದು? ಒಂದೇ ಖೋಲಿಯಲ್ಲಿ ಅಣ್ಣ ತಮ್ಮಂದಿರ ಎರಡು ಸಂಸಾರ ಇರುತ್ತಿದ್ದವು. ಪಾಳಿಯ ಪ್ರಕಾರ ಬಂದು ಮಲಗಿ ಹೋಗುವ ಊರಿನ ಗಂಡಸರು ಇರುತ್ತಿದ್ದರು. ಬಾಡಿಗೆ ಪುಸ್ತಕದಲ್ಲಿ ಒಬ್ಬರ ಹೆಸರು, ಇರುವವರು ಇನ್ನೊಬ್ಬರು. ಕೊನೆಗೆ ಮೇಲಿನ ಸಾಹೇಬರು ಒಂದು ನಿಯಮ ಮಾಡಿದರು: ಒಂದು ಚೂಲ, ಒಂದು ಮನೆ. ಚೂಲ ಎಂದರೆ ಒಲೆ. ಬೇರೆ ಒಲೆ ಇದ್ದವರಿಗೆ ಬೇರೆ ಮನೆ; ಇನ್ನೊಬ್ಬರ ಒಲೆಯಲ್ಲಿ ಉಣ್ಣುವವರು ಅವರ ಸಂಸಾರದಲ್ಲೇ ಲೆಕ್ಕ.

ಈ ಸುದ್ದಿ ಹಬ್ಬಿದ ವಾರವೇ ಬೈಕುಲ್ಲಾ ಬಜಾರಿನಲ್ಲಿ ಮಣ್ಣಿನ ಒಲೆಗಳು, ಇದ್ದಲಿಯ ಶೆಗಡಿಗಳು ತೀರಿಹೋದವು. ಯಾವ ಖೋಲಿಗೆ ಹೋದರೂ ಎರಡು ಒಲೆ, ಮೂರು ಒಲೆ. ಒಬ್ಬ ಮುದುಕಿಯಂತೂ ಮಂಚದ ಕೆಳಗಿನಿಂದ ಒಂದನ್ನು ಎಳೆದು ತೋರಿಸಿದಳು. ಅದಕ್ಕೆ ಮಾರುವವನ ಸುಣ್ಣದ ಗುರುತು ಹಾಗೇ ಇತ್ತು.

ಮೊದಲ ವಾರ ಅವರು ಹೇಳಿದ್ದನ್ನೆಲ್ಲ ನಾನು ಬರೆದುಕೊಂಡು ಬಂದೆ. ಓವರ್ಸಿಯರ್ ನೋಡಿ ನಕ್ಕರು. ‘ಬಾಯಿ, ಇಷ್ಟು ಒಲಿ ಇದ್ರ ಬೈಕುಲ್ಲಾ ಸುಟ್ಟು ಹೋಗಬೇಕಾಗಿತ್ತರೀ.’

ಆಮೇಲೆ ನಾನೇ ಒಂದು ಪದ್ಧತಿ ಕಂಡುಕೊಂಡೆ. ದಿನಾ ಉರಿಯುವ ಒಲೆಯ ಬಾಯಿ ಎಡಗಡೆಗೋ ಬಲಗಡೆಗೋ ಸವೆದಿರುತ್ತದೆ, ಕಟ್ಟಿಗೆ ತಳ್ಳುವ ಕೈ ಒಂದೇ ಕಡೆಯಿಂದ ಬರುವುದರಿಂದ. ಒಳಗಿನ ಮಸಿ ಉಗುರಿಗೆ ಪುಡಿಯಾಗಿ ಬರುವುದಿಲ್ಲ, ಅಂಟಾಗಿ ಬರುತ್ತದೆ. ಬೂದಿ ತೆಗೆದಿದ್ದರೂ ಗೋಡೆಯ ಮೇಲೆ ಹೊಗೆಯ ದಾರಿ ಇರುತ್ತದೆ. ಎಲ್ಲಕ್ಕಿಂತ ಮುಖ್ಯ, ಮುಂಜಾನೆ ಹತ್ತು ಗಂಟೆಗೆ ಅಂಗೈ ಹಿಡಿದರೆ ನಿಜವಾದ ಒಲೆ ಇನ್ನೂ ಬೆಚ್ಚಗಿರುತ್ತದೆ. ಗಿರಣಿಯ ಭೋಂಗಾ ಕೂಗುವ ಮೊದಲು ಭಕ್ಕರಿ ಸುಟ್ಟಿರುತ್ತಾರಲ್ಲ. ಹೀಗೆ ನೋಡಲು ಹತ್ತಿದ ಮೇಲೆ ನನ್ನ ಲೆಕ್ಕ ಸರಿಬಂತು. ‘ಬಾಯಾರ ಕೈ ಅಂದ್ರ ಥರ್ಮಾಮೀಟರ್’ ಎಂದು ಓವರ್ಸಿಯರ್ ಆಫೀಸಿನಲ್ಲಿ ಹೇಳುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಹೊಸ್ತಿಲ ಮೇಲೆ ನಿಂತು, ‘ಮುಂಜಾನೆದ್ದು ಬಂತು ನೋಡು ಬೋಳು ಹಣೆ’ ಎಂದು ಗೊಣಗುವವರು ಇದ್ದರು. ನಾನು ರಿಜಿಸ್ಟರ್ ಬಿಚ್ಚಿ, ಎಷ್ಟು ಜನ ಎಂದು ಕೇಳುತ್ತಿದ್ದೆ.

ಶ್ರಾವಣದಲ್ಲಿ ಒಂದು ದಿನ ನೆಲಮಹಡಿಯ ಹದಿನಾಲ್ಕನೆಯ ಖೋಲಿಗೆ ಬಂದೆ. ಬಾಗಿಲು ಅರ್ಧ ಮುಚ್ಚಿತ್ತು. ಪಕ್ಕದ ಹದಿನೈದರ ಹೆಂಗಸು ಹೊರಗೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ಉಡುಪಿ ಕಡೆಯವಳು, ಗಂಡ ಹತ್ತಿರದ ಹೋಟೆಲಿನಲ್ಲಿ ಅಡಿಗೆಯವನು. ಅವಳ ಖೋಲಿಯನ್ನು ನಾನು ಆಗಷ್ಟೇ ನೋಡಿ ಮುಗಿಸಿದ್ದೆ. ಅವಳದೊಂದು, ಮೈದುನನ ಹೆಂಡತಿಯದೊಂದು, ಎರಡು ಶೆಗಡಿ, ಎರಡೂ ಬಿಸಿ. ಎರಡು ಮನೆ ಎಂದು ಬರೆದಿದ್ದೆ. ಬೆಲ್ಲ ಹಾಕಿದ ಚಹಾ ಕೊಟ್ಟಿದ್ದಳು.

‘ಅಲ್ಲಿಗೆ ಹೋಗ್ಬೇಡಿ ಅಕ್ಕ,’ ಅಂದಳು. ‘ಯಜಮಾನರು ಹೋಗಿ ಇವತ್ತಿಗೆ ಐದು ದಿನ. ಜ್ವರ ಅಂತ ಎರಡೇ ದಿನ ಮಲಗಿದ್ದು, ಪಾಪ. ಅವಳು, ಅತ್ತೆ, ಎರಡು ಮಕ್ಕಳು. ಹನ್ನೊಂದು ದಿನ ಒಲೆ ಹಚ್ಚುವ ಕ್ರಮ ಇಲ್ಲವಂತೆ ಅವರಲ್ಲಿ. ಊಟ ನಮ್ಮಲ್ಲೇ. ನಾನೇ ಕೊಟ್ಟು ಬರುವುದು. ಬೇರೆ ಎಂತ ಮಾಡ್ಲಿಕ್ಕುಂಟು ನಮ್ಮಿಂದ?’

ಅರ್ಧ ಬಾಗಿಲಿನಿಂದ ಒಳಗೆ ಕಂಡಿತು. ಗೋಡೆಗೆ ಒರಗಿ ನನ್ನ ವಯಸ್ಸಿನವಳೊಬ್ಬಳು ಕುಳಿತಿದ್ದಳು. ಕೈಗಳನ್ನು ಮಡಿಲಲ್ಲಿಟ್ಟು ಬರಿದಾದ ಮಣಿಕಟ್ಟು ನೋಡುತ್ತಿದ್ದಳು. ನಾನು ಹೊಸ್ತಿಲು ದಾಟಲಿಲ್ಲ. ಸೂತಕದ ಮನೆ, ಹೊಕ್ಕರೆ ಸ್ನಾನ ಮಾಡಬೇಕು, ಈ ಬೈಕುಲ್ಲಾದಲ್ಲಿ ಎಲ್ಲಿ ಸ್ನಾನ ಮಾಡಲಿ, ಇನ್ನೂ ಆರು ಖೋಲಿ ಉಳಿದಿವೆ ಎಂದು ಮನಸ್ಸಿಗೆ ಹೇಳಿಕೊಂಡೆ. ನಿಜ ಬೇರೆ ಇತ್ತು. ಮೂರು ವರ್ಷದ ಹಿಂದೆ ನಾನು ಹೀಗೇ ಗೋಡೆಗೆ ಒರಗಿ ಕುಳಿತಿದ್ದೆ. ಅದನ್ನು ಮತ್ತೆ ನೋಡುವ ಧೈರ್ಯ ನನಗಿರಲಿಲ್ಲ.

ಸಂಜೆ ಹಾಳೆ ಒಪ್ಪಿಸುವಾಗ ಯಾವ ಸಾಲನ್ನೂ ಖಾಲಿ ಬಿಡುವಂತಿರಲಿಲ್ಲ. ಶಾಯಿಯಲ್ಲಿ ‘ಚೂಲ ಇಲ್ಲ, ಊಟ ಹದಿನೈದರಲ್ಲಿ’ ಎಂದು ಬರೆದೆ. ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟೆ. ಚುಕ್ಕೆ ಎಂದರೆ ಮತ್ತೊಮ್ಮೆ ಹೋಗಿ ನೋಡಬೇಕಾದದ್ದು ಎಂದು ನಮ್ಮ ಗುರುತು. ಸೂತಕದ ದಿನ ಮುಗಿದ ಮೇಲೆ ಹೋಗೋಣ ಎಂದುಕೊಂಡೆ. ಹನ್ನೊಂದು ದಿನ ಕಳೆಯಿತು, ಹದಿನೈದು ಕಳೆಯಿತು. ಮೇಲಿನ ಅಂತಸ್ತುಗಳ ಕೆಲಸ ಬಂತು. ಆ ಬಾಗಿಲ ಮುಂದಿನಿಂದಲೇ ದಿನಾ ಹೋಗುತ್ತಿದ್ದೆ; ನಾಳೆ, ನಾಳೆ ಎಂದುಕೊಂಡು ಹೋಗುತ್ತಿದ್ದೆ.

ದೀಪಾವಳಿಯ ನಂತರ ಆಫೀಸಿನ ಹೊರಗೆ ಮನೆ ಸಿಗುವವರ ಯಾದಿ ಅಂಟಿಸಿದರು. ಗುಮಾಸ್ತ ಶಾಯಿಯಲ್ಲಿದ್ದದ್ದನ್ನು ನಕಲು ಮಾಡಿದ್ದ. ಪೆನ್ಸಿಲಿನ ಚುಕ್ಕೆಯನ್ನು ಯಾರು ನಕಲು ಮಾಡುತ್ತಾರೆ? ಹದಿಮೂರರ ನಂತರ ಹದಿನೈದು ಇತ್ತು. ಹದಿನೈದರ ಎದುರು ಎರಡು ಮನೆ. ಕೆಳಗೆ ಸಣ್ಣದಾಗಿ, ಹದಿನಾಲ್ಕರ ನಾಲ್ಕು ಜನ ಹದಿನೈದರ ಸಂಸಾರದೊಳಗೆ ಎಂದು ಬರೆದಿತ್ತು.

ಮರುದಿನ ಹದಿನಾಲ್ಕರವಳು ಆಫೀಸಿಗೆ ಬಂದಳು, ಹಿಂದೆ ಅತ್ತೆ. ಕೂಗಾಡಲಿಲ್ಲ. ವಿಜಾಪುರ ಕಡೆಯ ಮಾತು. ನನ್ನ ಮೇಜಿನ ಮುಂದೆ ನಿಂತು, ‘ಅಕ್ಕಾರ, ನಮ್ಮ ಮನಿ ಇಲ್ಲಂತ ಬರ್ದೈತಂತ. ನಾವು ಅಲ್ಲೇ ಅದೀವಲ್ರೀ’ ಅಂದಳು.

ಅತ್ತೆ ತಡೆಯಲಿಲ್ಲ. ‘ನನ್ನ ಮಗ ಇದ್ದಾಗ ಎರಡ್ ಹೊತ್ತು ಹೊಗಿ ಏಳತಿತ್ತು ನಮ್ಮ ಒಲಿ! ಸತ್ತ ಮನ್ಯಾಗ ಒಲಿ ಹಚ್ಚತಾರೇನವಾ? ನಿಮ್ಮೂರಾಗ ಹಚ್ಚತಾರೇನು?’

‘ಹಚ್ಚೂದಿಲ್ಲ’ ಅಂದೆ.

ಅವರು ಹೋದ ಮೇಲೆ ಓವರ್ಸಿಯರ್ ಬಾಗಿಲು ಮುಂದೆ ಮಾಡಿ ಕುಳಿತರು. ಒಳ್ಳೆಯವರೇ. ‘ಯಾದಿಗೆ ಸಾಹೇಬರ ಸಹಿ ಬಿದ್ದದ. ಎಣಿಸಿದವರ ತಪ್ಪು ಅಂತ ಆದ್ರ ಅಷ್ಟೇ ಬದಲಿ ಮಾಡಾಕ ಬರತದ. ಹಂಗ ಆದ್ರ ಬಾಯಿ, ನೀವು ಬರದದ್ದೆಲ್ಲಾ ಸಂಶಯದಾಗ ಬರತದ. ನಿಮ್ಮ ಕೆಲಸ ಉಳಿಯೂದಿಲ್ಲ. ಅಕಿ ಒಂದು ಅರ್ಜಿ ಕೊಡಲಿ. ಆರು ತಿಂಗಳಿಗೆ ಉತ್ತರ ಬರತದ.’

‘ಚಾಳು ಕೆಡವೂದು?’

‘ಮುಂದಿನ ತಿಂಗಳಾ.’

ಶೆಡ್ಡಿನಲ್ಲಿ ಜಾಗ ಸಿಗುವುದೂ ಆ ಯಾದಿಯ ಪ್ರಕಾರವೇ. ಉತ್ತರ ಬರುವ ಹೊತ್ತಿಗೆ ಆ ನಾಲ್ಕು ಜನ ಎಲ್ಲಿರುತ್ತಾರೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಸಂಜೆ ಗಾಡಿಯಲ್ಲಿ ನಿಂತುಕೊಂಡೇ ಬಂದೆ. ಮನೆಯಲ್ಲಿ ವೈನಿ ನನ್ನ ತಾಟು ಹಾಕಿದ್ದರು. ವೈನಿ ಎಂದೂ ಒಂದು ಮಾತು ಅಂದವರಲ್ಲ. ಆದರೆ ಉಣ್ಣುತ್ತ ಕುಳಿತಾಗ ನನಗೆ ಒಂದು ವಿಚಾರ ಬಂತು. ನಮ್ಮ ಈ ಮನೆಗೆ ನನ್ನಂಥವಳೊಬ್ಬಳು ರಿಜಿಸ್ಟರ್ ಹಿಡಿದು ಬಂದಿದ್ದರೆ, ನನಗೆ ಒಲೆ ಇಲ್ಲ, ಮನೆ ಇಲ್ಲ. ನಾನು ಮತ್ತು ನನ್ನ ಮಗಳು ಕೆಳಗಿನ ಸಣ್ಣ ಸಾಲಿನಲ್ಲಿ ಬರುತ್ತಿದ್ದೆವು. ನನ್ನ ಮಟ್ಟಿಗೆ ಅದು ನಿಜವೂ ಆಗಿತ್ತು. ಹದಿನಾಲ್ಕರವಳ ಮಟ್ಟಿಗೆ ನಿಜವಾಗಿರಲಿಲ್ಲ. ನಾನು ನಿಜ ಮಾಡಿದ್ದೆ.

ಮರುದಿನ ಸಾಹೇಬರು ಚಾಳಿನ ಆಫೀಸಿಗೆ ಬರುವ ದಿನ. ಬಾಯಲ್ಲಿ ಹೇಳಲು ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಮರಾಠಿಯಲ್ಲಿ ಖೋಲಿಯ ನಂಬರು, ಹೆಸರು, ರಿಜಿಸ್ಟರಿನ ನಾಲ್ಕು ಮಾತು ಬರೆಯುವಷ್ಟೇ ಕಲಿತಿದ್ದೆ. ಅದಕ್ಕೇ ಕನ್ನಡದಲ್ಲೇ ಬರೆದೆ: ‘ಹದಿನಾಲ್ಕನೆಯ ಖೋಲಿಯೊಳಗೆ ನಾನು ಹೋಗಲಿಲ್ಲ. ಅದು ಸೂತಕದ ಮನೆ. ಒಲೆ ತಣ್ಣಗಿದ್ದದ್ದು ಆ ಕಾರಣಕ್ಕೆ. ಇದು ಗೊತ್ತಿದ್ದೂ ಚೂಲ ಇಲ್ಲ ಎಂದು ಬರೆದೆ. ಮತ್ತೆ ಹೋಗಿ ನೋಡಬೇಕಿತ್ತು, ನೋಡಲಿಲ್ಲ. ತಪ್ಪು ನನ್ನದು.’ ಕೆಳಗೆ ಸಹಿ ಮಾಡಿ ಸಾಹೇಬರ ಮುಂದೆ ಇಟ್ಟು, ಹಿಂದೆ ಸರಿದು ನಿಂತೆ.

ಅವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು. ಓವರ್ಸಿಯರ್ ಓದಿ ಹೇಳಬೇಕಾಯಿತು. ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ‘ಗೊತ್ತಿದ್ದೂ’ ಎಂಬ ಮಾತನ್ನು ಬಿಟ್ಟು ಹೇಳಿದರು ಎಂದು ನನಗೆ ತಿಳಿಯಿತು. ಅಷ್ಟು ಮರಾಠಿ ನನಗೆ ಬರುತ್ತಿತ್ತು.

ಸಾಹೇಬರು ನನ್ನನ್ನು ಕೇಳಿದ್ದು ಎರಡೇ ಶಬ್ದ. ‘ಆಣಖೀ ಕಿತಿ?’

ಇನ್ನೂ ಎಷ್ಟು? ಇಂಥ ಖೋಲಿಗಳು ಇನ್ನೂ ಎಷ್ಟು ಎಂದು. ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ನಾನು ಎರಡು ಬೆರಳು ತೋರಿಸಿದೆ. ಬಾಣಂತಿ ಮಲಗಿದ್ದ ಒಂದು ಖೋಲಿಗೂ, ನಾಯಿ ಕಟ್ಟಿದ್ದ ಒಂದು ಖೋಲಿಗೂ ಒಳಗೆ ಹೋಗಿರಲಿಲ್ಲ.

ಅವರು ಪೆನ್ನಿಗೆ ಟೋಪಿ ಹಾಕಿದರು. ಆಮೇಲೆ ಓವರ್ಸಿಯರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ಎದ್ದು ಹೋದರು. ‘ಎಂಬತ್ತೂ ಖೋಲಿ ಮತ್ತ ಎಣಿಸಬೇಕಂತ,’ ಓವರ್ಸಿಯರ್ ಹೇಳಿದರು. ‘ನೀವಾ ಎಣಿಸಬೇಕಂತ. ಎಂಟು ದಿನದಾಗ. ಯಾವ ಹೊತ್ತಿಗೆ ಬರ್ತೀರಿ ಅಂತ ಯಾರಿಗೂ ಹೇಳಬಾರದು. ಎಂಟು ದಿನಾ ಆದ ಮ್ಯಾಲೆ ನಿಮಗ ಇಲ್ಲಿ ಕೆಲಸ ಇಲ್ಲ.’

ಮೊದಲ ಖೋಲಿ ಹದಿನಾಲ್ಕೇ. ಈ ಸಲ ಹೊಸ್ತಿಲು ದಾಟಿದೆ. ಅವಳು ಮಣೆ ಕೊಟ್ಟಳು. ಒಲೆ ಮೂಲೆಯಲ್ಲಿತ್ತು, ಬಾಯಿ ಎಡಗಡೆಗೆ ಸವೆದದ್ದು, ಗೋಡೆಯ ಮೇಲೆ ಮೊಳದುದ್ದ ಹೊಗೆಯ ದಾರಿ. ಪದ್ಧತಿಯಂತೆ ಕೈ ಹಿಡಿದೆ. ಬೆಚ್ಚಗಿತ್ತು. ಬರೆದುಕೊಂಡೆ. ಏಳುವಾಗ ಅವಳು ‘ನಿಮ್ಮೋರು ಹೋಗಿ ಎಷ್ಟು ದಿನಾ ಆತ್ರೀ?’ ಎಂದು ಕೇಳಿದಳು. ಹೇಳಿದೆ.

ಬಾಣಂತಿಯ ಖೋಲಿಯಲ್ಲಿ ಬರೆದದ್ದು ಸರಿಯಾಗಿತ್ತು. ನಾಯಿಯ ಖೋಲಿಯಲ್ಲಿ ಒಂದರ ಬದಲು ಎರಡು ನಿಜವಾದ ಒಲೆ ಸಿಕ್ಕವು. ಮೂರನೆಯ ದಿನ, ಸಂಜೆ ಐದರ ಸುಮಾರಿಗೆ, ಹದಿನೈದಕ್ಕೆ ಹೋದೆ. ಆ ಎಂಟು ದಿನಗಳಲ್ಲಿ ಒಂದು ಖೋಲಿಯನ್ನು ಬಿಟ್ಟುಬಿಡಬೇಕು ಎನಿಸಿದ್ದು ಅದೊಂದೇ.

ಉಡುಪಿಯವಳ ಶೆಗಡಿ ಉರಿಯುತ್ತಿತ್ತು, ಮೇಲೆ ಕುಚ್ಚಲಕ್ಕಿ ಗಂಜಿ. ಮೈದುನನ ಹೆಂಡತಿಯ ಶೆಗಡಿಯಲ್ಲಿ ಈರುಳ್ಳಿ ತುಂಬಿಟ್ಟಿದ್ದರು. ಒಳಗೆ ಬೆರಳಾಡಿಸಿದೆ, ತಳದಲ್ಲಿ ಒಂದು ಕಲೆ ಬಿಟ್ಟರೆ ತಗಡಿನ ಹೊಳಪು ಹಾಗೇ ಇತ್ತು. ಶ್ರಾವಣದಲ್ಲಿ ತನ್ನ ಶೆಗಡಿಯ ಕೆಂಡವನ್ನೇ ಅರ್ಧ ತೆಗೆದು ಅದರಲ್ಲಿ ಹಾಕಿ ನನ್ನ ಕೈಗೆ ಬಿಸಿ ಮಾಡಿ ತೋರಿಸಿದ್ದಳು ಎಂದು ಈಗ ತಿಳಿಯಿತು. ಆಗ ಮಸಿ ನೋಡಲಿಲ್ಲ ನಾನು, ಚಹಾ ಕುಡಿಯುತ್ತಿದ್ದೆ.

ಅವಳು ನನ್ನ ಬೆರಳನ್ನೇ ನೋಡುತ್ತಿದ್ದಳು. ‘ಬರೀರಿ, ಬರೀರಿ ಅಕ್ಕ. ಹನ್ನೊಂದು ದಿನ ಪಕ್ಕದವರಿಗೆ ಅನ್ನ ಕೊಟ್ಟದ್ದಕ್ಕೆ ಒಳ್ಳೇ ಮರ್ಯಾದೆ ಸಿಕ್ಕಿತು ನಂಗೆ. ಹೊಸ್ತಾಗಿ ಮದುವೆಯಾದ ಜೋಡಿ, ಸೀರೆ ಅಡ್ಡ ಕಟ್ಟಿ ಮಲಗ್ತಾರೆ. ಅದನ್ನೂ ಬರೀರಿ. ಅದಕ್ಕೆ ಗೆರೆ ಉಂಟಾ ನಿಮ್ಮ ಪುಸ್ತಕದಲ್ಲಿ?’

ಇರಲಿಲ್ಲ. ಎರಡು ಎಂಬುದನ್ನು ಹೊಡೆದು ಒಂದು ಎಂದು ಬರೆದೆ. ಹದಿನಾಲ್ಕರ ಒಲೆಯನ್ನು ನಿಜವೆಂದು ಬರೆದ ಕೈ ಇದನ್ನೂ ಬರೆಯಬೇಕಿತ್ತು. ಒಂದಕ್ಕೆ ನಿಯಮ ಹಿಡಿದು ಇನ್ನೊಂದಕ್ಕೆ ಬಿಟ್ಟರೆ ನನ್ನ ಕಾಗದಕ್ಕೆ ಬೆಲೆ ಇರುತ್ತಿರಲಿಲ್ಲ, ಹದಿನಾಲ್ಕೂ ಉಳಿಯುತ್ತಿರಲಿಲ್ಲ. ಹೀಗೆ ಆಗಲೂ ಅಂದುಕೊಂಡೆ, ಈಗಲೂ ಅಂದುಕೊಳ್ಳುತ್ತೇನೆ. ಆದರೆ ಅವಳು ಕೇಳಿದ ಪ್ರಶ್ನೆ ತಪ್ಪಾಗಿರಲಿಲ್ಲ. ನಿಯಮ ಮಾಡಿದವರು ಒಲೆ ಎಣಿಸಿದರು, ಮಲಗುವ ಜಾಗ ಎಣಿಸಲಿಲ್ಲ.

ಎಂಟನೆಯ ದಿನ ರಿಜಿಸ್ಟರ್ ಒಪ್ಪಿಸಿ ಮನೆಗೆ ಬಂದೆ. ಹೊಸ ಯಾದಿಯಲ್ಲಿ ಹದಿಮೂರು, ಹದಿನಾಲ್ಕು, ಹದಿನೈದು ಸಾಲಾಗಿ ಇದ್ದವು ಎಂದು ಓವರ್ಸಿಯರ್ ಅಣ್ಣನ ಕೈಯಲ್ಲಿ ಹೇಳಿ ಕಳಿಸಿದರು. ಕೆಲವು ತಿಂಗಳಾದ ಮೇಲೆ ಅವರೇ ಓಡಾಡಿ ಇನ್ನೊಂದು ಕಡೆ, ಹೆಣ್ಣುಮಕ್ಕಳ ಹೊಲಿಗೆ ಶಾಲೆಯಲ್ಲಿ ಹಾಜರಿ ಬರೆಯುವ ಕೆಲಸ ಕೊಡಿಸಿದರು.

ಒಮ್ಮೆ ಬೈಕುಲ್ಲಾ ಬಜಾರಿನಲ್ಲಿ ಕಾಯಿಪಲ್ಲೆ ಕೊಳ್ಳುವಾಗ ಉಡುಪಿಯವಳು ಎದುರಾದಳು. ಮಾತಾಡಿಸದೆ ಹೋಗುತ್ತಾಳೆ ಎಂದುಕೊಂಡೆ. ‘ಈಗ ಯಾರ ಮನೆ ಒಲೆ ಮುಟ್ಟುತ್ತಾ ಇದ್ದೀರಿ?’ ಅಂದಳು. ಮೈದುನ ಹೆಂಡತಿಯನ್ನು ಕರೆದುಕೊಂಡು ಭಾಂಡುಪಿನಲ್ಲಿ ಬಾಡಿಗೆಗೆ ಹೋಗಿದ್ದ. ಅಷ್ಟು ಹೇಳಿ ಬದನೆಕಾಯಿ ಆರಿಸಲು ಬಗ್ಗಿದಳು. ನಾನು ನನ್ನ ಚೀಲ ಹಿಡಿದು ಬಂದೆ.

ಬಿಲ್ಡಿಂಗ್ ಏಳಲು ಎರಡು ಮಳೆಗಾಲ ಹಿಡಿಯಿತು. ಒಂದು ಶುಕ್ರವಾರ ಹದಿನಾಲ್ಕರವಳ ಅತ್ತೆ ವಿಲೆ ಪಾರ್ಲೆ ಕೇಳಿಕೊಂಡು ನಮ್ಮ ಮನೆಗೇ ಬಂದಳು. ಹಾಲು ಉಕ್ಕಿಸುತ್ತೇವೆ, ಬರಬೇಕು ಅಂದಳು. ಅಂಥ ಕಾರ್ಯಕ್ಕೆ ನನ್ನಂಥವಳನ್ನು ಯಾರೂ ಕರೆಯುತ್ತಿರಲಿಲ್ಲ. ಕರೆದರೂ ನಾನು ಹೋಗುತ್ತಿರಲಿಲ್ಲ. ಹಾಗೇ ಹೇಳಿದೆ. ಮುದುಕಿ, ‘ನಮ್ಮ ಮನ್ಯಾಗೂ ಇರೋರು ನಿನ್ನಂಥಾಕಿ, ನನ್ನಂಥಾಕಿ. ಮತ್ತ ಯಾರು ಹಚ್ಚಬೇಕವಾ ಒಲಿ?’ ಅಂದಳು. ನಿಮ್ಮ ಅಮ್ಮನ ಕೈ ಹಿಡಿದುಕೊಂಡು ಹೋದೆ.

ಮೂರನೆಯ ಅಂತಸ್ತು. ಬಾಗಿಲಿಗೆ ಹೊಸ ನಂಬರು ಬೇರೆ ಇತ್ತು. ನಾನು ಅದನ್ನು ಹದಿನಾಲ್ಕು ಎಂದೇ ಕರೆಯುತ್ತೇನೆ. ಅಡಿಗೆಮನೆಯಲ್ಲಿ ನಿಂತು ಅಡಿಗೆ ಮಾಡುವ ಸಿಮೆಂಟಿನ ಕಟ್ಟೆ, ಅದರ ಮೇಲೆ ಚಾಳಿನಿಂದ ತಂದ ಅದೇ ಹಳೆಯ ಒಲೆ. ಶೆಡ್ಡಿಗೆ ಹೋಗುವಾಗಲೂ ಬರುವಾಗಲೂ ಅದನ್ನು ಸೊಸೆ ತಾನೇ ಹೊತ್ತು ತಂದಳಂತೆ. ಹಾಲು ಉಕ್ಕಿತು. ನಳ ತಿರುಗಿಸಿ ನಿಮ್ಮ ಅಮ್ಮ ಅವಳ ಮಕ್ಕಳ ಜೊತೆ ನೀರಾಟ ಆಡುತ್ತಿದ್ದಳು, ಯಾರೂ ಬೈಯಲಿಲ್ಲ.

ಪಾತೇಲಿ ಇಳಿಸಿದ ಮೇಲೆ ಅವಳು ನನ್ನ ಕೈ ಹಿಡಿದು ಒಲೆಯ ಮೇಲೆ ಹಿಡಿಸಿದಳು. ‘ನೋಡ್ರಿ ಅಕ್ಕಾರ. ಬಿಸಿ ಐತೇನು?’

‘ಐತಿ’ ಅಂದೆ.

‘ಹಂಗಾರ ಬರ್ಕೊಳ್ರಿ’ ಎಂದು ನಕ್ಕಳು. ಅವಳು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗ. ಆಮೇಲೆ ನನಗೂ ನಿಮ್ಮ ಅಮ್ಮನಿಗೂ ತಾಟು ಹಾಕಿದಳು. ಆ ದಿನ ನನ್ನ ಕೈಯಲ್ಲಿ ರಿಜಿಸ್ಟರ್ ಇರಲಿಲ್ಲ. ಇದ್ದಿದ್ದರೆ ನಮ್ಮ ಹೆಸರಿನ ಮುಂದೆ ಹೀಗೆ ಬರೆಯುತ್ತಿದ್ದೆ: ಜನ ಇಬ್ಬರು, ಊಟ ಹದಿನಾಲ್ಕರಲ್ಲಿ.